ಲಾಂಡ್ರಿ ಗೇಟು

ಮಾರ್ಚ್ 3, ಮಂಗಳವಾರ

ಇವತ್ತು ದರ್ಜಿಗೆ ಬಾಯಿಗೆ ಬಂದಂತೆ ಬೈದೆ. ನಮ್ಮ ಸಂಘಕ್ಕೆ ಗಿರಣಿ ಕಾಲದಿಂದ ಬಾವುಟ ಹೊಲಿದುಕೊಡುತ್ತಿರುವ ಮನುಷ್ಯ. ಹೊಸ ಬಾವುಟಗಳನ್ನು ಕಚೇರಿಯ ಮೇಜಿನ ಮೇಲೆ ಹರಡಿದ್ದ. ನನ್ನ ಕಣ್ಣಿಗೆ ಅವು ತುಕ್ಕು ಹಿಡಿದ ತಗಡಿನ ಹಾಗೆ ಕಂಡವು.

"ಇದೇನಯ್ಯ, ಗೋಣಿಚೀಲ ಹೊಲ್ಕೊಂಡು ಬಂದಿದ್ದೀಯ? ಕೂಲಿಯವರ ಸಂಘ ಅಂದ್ರೆ ಯಾವ ಬಟ್ಟೆ ಆದ್ರೂ ನಡಿಯುತ್ತೆ ಅಂತಾನಾ?"

ಅವನು ಒಂದು ಬಾವುಟ ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದು ನಿಂತ. ಕಚೇರಿಯಲ್ಲಿದ್ದವರೆಲ್ಲ ಬಾವುಟ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನು ತೊಳೆಯುವ, ನಾವು ಕತ್ತರಿ ಅಂತ ಕರೆಯುವ ಹುಡುಗಿ ಮಾತ್ರ ಮೆಲ್ಲಗೆ, "ಕೆಂಪೇ ಇದೆಯಲ್ಲಕ್ಕ" ಅಂದಳು. ದಿನವಿಡೀ ಕತ್ತರಿ ತೊಳೆಯುತ್ತಾಳೆ, ಮಾತನ್ನೂ ಹಾಗೇ ಕತ್ತರಿಸಿ ಆಡುತ್ತಾಳೆ, ಅದಕ್ಕೇ ಆ ಹೆಸರು. "ನೀನು ಸುಮ್ನಿರೇ" ಅಂತ ಅವಳ ಬಾಯಿಯನ್ನೂ ಮುಚ್ಚಿಸಿದೆ.

ಮನೆಗೆ ಬಂದು ಒಂದು ಬಾವುಟವನ್ನು ಕಿಟಕಿಗೆ ನೇತುಹಾಕಿದೆ. ಎಡಗಣ್ಣು ಮುಚ್ಚಿದೆ: ರಕ್ತದಂಥ ಕೆಂಪು. ಬಲಗಣ್ಣು ಮುಚ್ಚಿದೆ: ತುಕ್ಕು. ಮತ್ತೆ ಮತ್ತೆ ಮಾಡಿದೆ. ಬಟ್ಟೆಯಲ್ಲಿ ದೋಷವಿರಲಿಲ್ಲ.

ಯಾರಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಅಷ್ಟೆ.

ಮಾರ್ಚ್ 7, ಶನಿವಾರ

ಕತ್ತರಿ ಇನ್ನಿಬ್ಬರನ್ನು ಕಟ್ಟಿಕೊಂಡು ಮನೆಗೆ ಬಂದಿದ್ದಳು. ಆಸ್ಪತ್ರೆಯ ಸಾಮಾನು ತೊಳೆಯುವ ಕೋಣೆಯವರೆಲ್ಲ ಗುತ್ತಿಗೆಯವರು. ಹೊಸ ಗುತ್ತಿಗೆದಾರ ಬಂದ ಮೇಲೆ ಕೈಗವಸು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ರಕ್ತ ಮೆತ್ತಿದ ಸೂಜಿ, ಉಳಿ, ಗರಗಸ ತೊಳೆಯುವ ಕೈಗೆ! ಉಗಿ ಯಂತ್ರದ ಬಾಗಿಲಿನ ರಬ್ಬರು ಹರಿದಿದೆ. ಕತ್ತರಿಯ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೊಬ್ಬೆ ಎದ್ದು ಒಣಗಿದ ಚರ್ಮ. ರಜೆ ಕೇಳಿದವಳನ್ನು ಮನೆಗೇ ಕಳಿಸಿದ್ದಾರೆ. ಈ ಹೆಂಗಸರ ಕೈ ಒಂದು ದಿನ ನಿಂತರೆ ಅಲ್ಲಿನ ದೊಡ್ಡ ದೊಡ್ಡ ಡಾಕ್ಟರುಗಳ ಕೈಯೂ ನಿಲ್ಲುತ್ತದೆ. ಈ ಹೆಂಗಸರ ಹೆಸರು ಮಾತ್ರ ಆಸ್ಪತ್ರೆಯ ಯಾವ ಗೋಡೆಯ ಮೇಲೂ ಇಲ್ಲ.

ಮುಷ್ಕರ ಮಾಡುತ್ತಾರಂತೆ. ನನ್ನ ಸಲಹೆ ಬೇಕಂತೆ. ನೂಲಿನ ಗಿರಣಿಯ ಗೇಟು ಮುಚ್ಚಿಸಿದವಳಲ್ಲವೇ ನಾನು. ಜನ ಗೇಟಕ್ಕ ಅಂತಲೇ ಕರೆಯುವುದು.

"ಒಂದು ಪ್ರಶ್ನೆ ಅಕ್ಕ" ಅಂದಳು ಕತ್ತರಿ. "ತೀರಾ ಅರ್ಜೆಂಟ್ ಆಪರೇಷನ್ ಇದ್ದೋರನ್ನ ಬಿಡೋಣ್ವಾ?"

"ಅರ್ಜೆಂಟ್ ಅಂತ ಯಾರು ಹೇಳೋರು? ಆಡಳಿತದೋರು ತಾನೇ? ನಾಳೆ ಮಂತ್ರಿ ಹಲ್ಲು ಕೀಳ್ಸೋದೂ ಅರ್ಜೆಂಟೇ. ಒಬ್ಬರನ್ನ ಬಿಟ್ರೆ ಗೇಟು ಗೇಟಲ್ಲ, ಬರೀ ದಾರಿ. ಮುಚ್ಚಿದ್ಮೇಲೆ ಮುಚ್ಚಿದ್ದೇ."

"ಒಳಗೆ ನುಗ್ಗಿದ್ರೆ?"

"ಬೈಬೇಡಿ, ಹೊಡೀಬೇಡಿ. ಬೆನ್ನು ತಿರುಗಿಸಿ ನಿಂತ್ಕೊಳ್ಳಿ. ಎಲ್ಲರೂ. ನಮ್ಮ ಗಿರಣೀಲಿ ನಾವು ಹಂಗೇ ಮಾಡಿದ್ವಿ. ಅಷ್ಟು ಬೆನ್ನಿನ ಮಧ್ಯೆ ನಡ್ಕೊಂಡು ಹೋದೋನು ಮಾರನೇ ದಿನ ಬರ್ಲಿಲ್ಲ."

ಮಾತಿನ ಭರದಲ್ಲಿ ಕೈ ಬೀಸಿದೆ. ಎಡಗಡೆಯಿದ್ದ ಚಹಾದ ಲೋಟ ಉರುಳಿ ಕತ್ತರಿಯ ಮಡಿಲಿಗೆ ಬಿತ್ತು. ಅದು ಅಲ್ಲಿದೆಯೆಂದು ನನಗೆ ಕಂಡಿರಲೇ ಇಲ್ಲ. "ದಾರೀಲಿ ಲೋಟ ಇಟ್ಟೋರ್ಯಾರು?" ಅಂತ ಮಗಳ ಮೇಲೆ ರೇಗಿದೆ. ಲೋಟ ಇಟ್ಟುಕೊಂಡವಳು ನಾನೇ.

ಮಾರ್ಚ್ 12, ಗುರುವಾರ

ಮಗಳು ಹಿಡಿದುಬಿಟ್ಟಳು. ಅವಳು ಡ್ರೈವಿಂಗ್ ಕಲಿಸುವವಳು, ಯಾರಿಗೆ ಎಷ್ಟು ಕಾಣುತ್ತದೆ ಅನ್ನುವುದೇ ಅವಳ ಹೊಟ್ಟೆಪಾಡು. ರಸ್ತೆ ದಾಟುವಾಗ ನಾನು ಸೈಕಲ್ಲಿನವನಿಗೆ ಅಡ್ಡ ಹೋದದ್ದನ್ನು ನೋಡಿ ನೇರ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಸ್ಕ್ಯಾನಿಗೆ ಕಳಿಸಿದರು. ಸ್ಕ್ಯಾನಿನವರು ತಲೆಯ ಸರ್ಜನ್ ಹತ್ತಿರ ಕಳಿಸಿದರು. ಆ ಸರ್ಜನ್ ಇರುವುದು ಕತ್ತರಿಯ ಆಸ್ಪತ್ರೆಯಲ್ಲೇ.

ಸರ್ಜನ್ ಹೆಂಗಸು. ಮಗಳ ವಯಸ್ಸು. ಒಂದು ಔಷಧದ ಬಾಟಲಿಯ ಕೆಂಪು ಮುಚ್ಚಳ ಹಿಡಿದು ಕೇಳಿದಳು, "ಬಲಗಣ್ಣಲ್ಲಿ ಇದು ನೂರಕ್ಕೆ ನೂರು ಕೆಂಪು ಅಂದ್ರೆ, ಎಡಗಣ್ಣಲ್ಲಿ ಎಷ್ಟು?"

"ಬಣ್ಣದ ಲೆಕ್ಕ ನಂಗೊತ್ತಿಲ್ಲ. ಬಲಗಣ್ಣಿಗೆ ಬಾವುಟ, ಎಡಗಣ್ಣಿಗೆ ತುಕ್ಕು."

ಅವಳು ನಗಲಿಲ್ಲ. ಬರೆದುಕೊಂಡಳು. ಆಮೇಲೆ ಚಿತ್ರ ತೋರಿಸಿದಳು. ತಲೆಬುರುಡೆಯ ತಳ, ಮೂಗಿನ ಹಿಂದೆ, ಮೇಲೆ. ಎರಡು ಕಣ್ಣಿನ ನರ ಸೇರುವ ಜಾಗ. ಅದರ ಕೆಳಗೆ ಬಿಳಿಯ ಗಡ್ಡೆ. ಕ್ಯಾನ್ಸರ್ ಅಲ್ಲ. ಆದರೆ ಕೂತ ಜಾಗ ಕೆಟ್ಟದ್ದು. ನರವನ್ನು ಕೆಳಗಿನಿಂದ ಒತ್ತಿ ಒತ್ತಿ ತೆಳ್ಳಗೆ ಮಾಡಿದೆ.

"ತಲೆ ಕೊಯ್ಯಲ್ಲ. ಮೂಗಿಂದ ಹೋಗ್ತೀವಿ. ಅಲ್ಲಿ ಎಲುಬನ್ನ ಸಣ್ಣಗೆ ಕೊರೆದು ಗಡ್ಡೆನ ಚೂರು ಚೂರಾಗಿ ತೆಗೀತೀವಿ. ಆಮೇಲೆ ನಿಮ್ಮ ತೊಡೆಯಿಂದ ಒಂದು ಪದರ ತೆಗೆದು ಆ ತೂತು ಮುಚ್ತೀವಿ. ರಕ್ತನಾಳಕ್ಕೆ ಅಂಟಿರೋ ಚೂರು ಇದ್ರೆ ಬಿಟ್ಟುಬಿಡ್ತೀನಿ, ಹಟ ಮಾಡಲ್ಲ."

"ಮಾಡಿಸ್ದಿದ್ರೆ?"

"ಎಡಗಣ್ಣು ಕೆಲವೇ ವಾರ. ಆಮೇಲೆ ಬಲಗಣ್ಣು. ಪೂರ್ತಿ ಹೋದ ಕಣ್ಣು ವಾಪಸ್ ಬರಲ್ಲ ಅಮ್ಮ. ಈಗಲೇ ಮಾಡಿದ್ರೆ ಬರಬಹುದು."

ಕಾರಿನಲ್ಲಿ ಮಗಳು, "ಎಡಗಡೆ ಕಾಣ್ದೇನೇ ಇಷ್ಟು ದಿನ ಎಡಪಂಥ ನಡೆಸಿದ್ದೀಯಲ್ಲಮ್ಮ" ಅಂದಳು. ನಕ್ಕೆ. ಅವಳು ನಗುತ್ತಲೇ ಅಳುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮಾರ್ಚ್ 17, ಮಂಗಳವಾರ

ಆಪರೇಷನ್ 25ಕ್ಕೆ. ಹಿಂದಿನ ದಿನವೇ ಸೇರಬೇಕು.

ಮಧ್ಯಾಹ್ನ ಕತ್ತರಿ ಫೋನ್ ಮಾಡಿದಳು. ಮುಷ್ಕರ 23ರಿಂದ. "ಮೊದಲನೇ ದಿನ ನೀವು ಬಂದು ಮಾತಾಡ್ಬೇಕಕ್ಕ. ನಿಮ್ಮ ಗಂಟಲು ಕೇಳಿದ್ರೆ ನಮ್ಮ ಹುಡುಗೀರಿಗೆ ಧೈರ್ಯ."

"ಜ್ವರ ಕಣೇ. ನೋಡ್ತೀನಿ" ಅಂದೆ.

ಜ್ವರವಿಲ್ಲ. ಕೂಲಿಕಾರರಿಗೆ ಸುಳ್ಳು ಹೇಳುವವನು ಮಾಲೀಕನ ಚಾಕರಿ ಮಾಡುತ್ತಾನೆ ಅಂತ ವೇದಿಕೆಯ ಮೇಲೆ ನಿಂತು ಕಿರುಚಿದವಳು ನಾನು. ಹೇಳಬಹುದಿತ್ತು: ಇಂಥದ್ದು ಆಗಿದೆ, ಇಂಥ ದಿನ ಆಪರೇಷನ್ ಇದೆ, ಏನು ಮಾಡಲಿ ಅಂತ. ಬಾಯಿ ಬರಲಿಲ್ಲ. ಕೇಳಿದರೆ ಅವಳು ನನ್ನದೇ ಮಾತನ್ನು ನನಗೆ ತಿರುಗಿಸಿ ಹೇಳುತ್ತಾಳೆ: ಮುಚ್ಚಿದ್ಮೇಲೆ ಮುಚ್ಚಿದ್ದೇ.

ಮಾರ್ಚ್ 23, ಸೋಮವಾರ

ಮುಷ್ಕರ ಶುರುವಾಯಿತು. ನಾನು ಮನೆಯಲ್ಲಿ ಕಂಬಳಿ ಹೊದ್ದು ಕೂತಿದ್ದೆ, ಇಲ್ಲದ ಜ್ವರಕ್ಕೆ.

ಸಂಜೆ ಆಸ್ಪತ್ರೆಯ ಆಡಳಿತಾಧಿಕಾರಿಯ ಫೋನು. ಜೇನು ಸುರಿಯುವ ದನಿ. "ಮುಷ್ಕರದವರು ಎಲ್ಲಾ ಆಪರೇಷನ್ ನಿಲ್ಲಿಸಿಬಿಟ್ಟಿದ್ದಾರೆ ಮೇಡಂ. ರೋಗಿಗಳನ್ನ ಮುಂದಿನ ಗೇಟಲ್ಲಿ ತಡೀತಿದ್ದಾರೆ. ಆದ್ರೆ ನಿಮ್ಮದು ಕಣ್ಣಿನ ವಿಷಯ. ಹೊರಗಿನಿಂದ ಜನ ಕರೆಸಿ ಸಾಮಾನು ತೊಳೆಸ್ತೀವಿ. ನಾಳೆ ಬೆಳಕು ಹರಿಯೋ ಮೊದಲು ಹಿಂದಿನ ಲಾಂಡ್ರಿ ಗೇಟಿಗೆ ಬನ್ನಿ. ಯಾರಿಗೂ ಹೇಳೋದು ಬೇಡ."

ಹೊರಗಿನಿಂದ ಕರೆಸಿದ ಜನ. ಅವರನ್ನು ನಾವು ಏನೆಂದು ಕರೆಯುತ್ತಿದ್ದೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

"ಆಯ್ತು" ಅಂದೆ. ಒಂದೇ ಮಾತು. ಮುಷ್ಕರದವರ ಬಗ್ಗೆ ಆಡಳಿತ ಏನು ಹೇಳಿದರೂ ಮುಷ್ಕರದವರನ್ನು ಕೇಳದೆ ನಂಬಬೇಡಿ ಅಂತ ಸಭೆ ಸಭೆಯಲ್ಲೂ ಹೇಳಿದ್ದೇನೆ. ಕತ್ತರಿಯ ನಂಬರು ಫೋನಿನಲ್ಲೇ ಇತ್ತು.

ತಪ್ಪು ಮಗಳದ್ದು. ನನ್ನ ನಂಬರು ಆಸ್ಪತ್ರೆಗೆ ಕೊಟ್ಟವಳು ಅವಳು.

ಮಾರ್ಚ್ 24, ಮಂಗಳವಾರ. ಆಸ್ಪತ್ರೆ

ಒಳಗಿದ್ದೇನೆ.

ಮಗಳ ಕಾರಿನ ತಲೆಯ ಮೇಲೆ ಡ್ರೈವಿಂಗ್ ಶಾಲೆಯ ಬೋರ್ಡು, ಹಿಂದೆ ಮುಂದೆ ಅಂಗೈ ಅಗಲದ ಕೆಂಪು 'ಎಲ್'. ಕಳ್ಳತನಕ್ಕೆ ಹೊರಟವರು ಯಾರೂ ಇಂಥ ಗಾಡಿಯಲ್ಲಿ ಹೋಗಿರಲಿಕ್ಕಿಲ್ಲ. "ಬೋರ್ಡು ಕಳಚು" ಅಂದೆ. "ಸ್ಕ್ರೂ ಹಾಕಿ ಬಿಗಿದಿದ್ದೀನಮ್ಮ, ಈಗೆಲ್ಲಿ ಕಳಚ್ಲಿ? ಬೇಕಾದ್ರೆ ನಿನ್ನ ತಲೆ ಮೇಲೆ ಶಾಲು ಹಾಕ್ಕೋ" ಅಂದಳು. ಹಾಕಿಕೊಂಡೆ. ಮುಖ ಮುಚ್ಚುವಷ್ಟು.

ಲಾಂಡ್ರಿ ಗೇಟು ಅಂದರೆ ಆಳೆತ್ತರವೂ ಇಲ್ಲದ ಕಬ್ಬಿಣದ ಬಾಗಿಲು. ಒಳಗೆ ಕೊಳೆ ಚಾದರಗಳ ಗುಡ್ಡೆ, ಬ್ಲೀಚಿಂಗ್ ಪೌಡರಿನ ಘಾಟು, ಕಾಲಡಿಯಲ್ಲಿ ಹರಿಯುವ ಸೋಪಿನ ನೀರು. ಕಾವಲುಗಾರ "ತಲೆ ಬಗ್ಸಿ ಬನ್ನಿ, ಮೇಲೆ ಕಬ್ಬಿಣ ಇದೆ" ಅಂದ. ಬಗ್ಗಿಸಿದೆ. ಪೊಲೀಸರ ಲಾಠಿಗೂ ಬಗ್ಗದ ತಲೆ ಅಂತ ಯಾರೋ ನನ್ನನ್ನು ವೇದಿಕೆಯಲ್ಲಿ ಪರಿಚಯಿಸಿದ್ದು ಕೊಳೆ ಚಾದರಗಳ ನಡುವೆ ನೆನಪಾಯಿತು.

ವಾರ್ಡಿನ ಕಿಟಕಿಯಿಂದ ಮುಂದಿನ ಗೇಟು ಕಾಣುತ್ತದೆ. ನೀಲಿ ಟಾರ್ಪಾಲಿನ ಕೆಳಗೆ ನಮ್ಮವರು ನೆಲದ ಮೇಲೆ ಕೂತಿದ್ದಾರೆ. ನಮ್ಮವರು ಅಂತ ಬರೆದೆ. ಗೇಟಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ. ಯಾರೂ ಕೂತಿಲ್ಲ. ಬೆಳಿಗ್ಗೆಯಿಂದ ಖಾಲಿ. ಮುಷ್ಕರದಲ್ಲಿ ಕುರ್ಚಿಯಂತೆ! ನಮ್ಮ ಕಾಲದಲ್ಲಿ ಕಲ್ಲಿನ ಮೇಲೆ ಕೂತಿದ್ದೆವು. ಇವರಿಗೆ ಯಾವ ನಾಯಕ ಬಂದು ಕೂರಬೇಕೋ ಏನೋ.

ಕಿಟಕಿಯ ಪರದೆ ಎಳೆಯಲು ನರ್ಸಿಗೆ ಹೇಳಿದೆ.

ಮಾರ್ಚ್ 25, ಬುಧವಾರ

ಕರೆದುಕೊಂಡು ಹೋಗಲು ಬಂದಿದ್ದಾರೆ. ಎಡಗಣ್ಣಿನಿಂದ ಈ ಅಕ್ಷರ ಓದಲಾಗುತ್ತಿಲ್ಲ.

ನನ್ನ ಮೂಗಿನೊಳಗೆ ಹೋಗುವ ಸಾಮಾನನ್ನು ತೊಳೆದ ಕೈ ಯಾರದ್ದು ಅಂತ ಕೇಳಲಿಲ್ಲ.

ಮಾರ್ಚ್ 28, ಶನಿವಾರ

ಬದುಕಿದ್ದೇನೆ. ಮೂಗಿನ ತುಂಬ ಬಟ್ಟೆ ತುರುಕಿದ್ದಾರೆ. ಬಾಯಲ್ಲಿ ಉಸಿರು, ನಾಲಿಗೆ ತೊಗಲಾಗಿದೆ. ಮೂಗಿನ ಆಪರೇಷನ್ನಿಗೆ ಪದರ ಕೊಟ್ಟ ಕಾಲು ಕುಂಟುತ್ತಿದೆ.

ನಿಯಮಗಳು: ಮೂಗು ಸೀಟಬಾರದು. ಬಗ್ಗಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ತಿಣುಕಬಾರದು. ಕೂಗಬಾರದು. ಒತ್ತಡ ಬಿದ್ದರೆ ಮುಚ್ಚಿದ ಪದರ ಜರುಗಿ ಮೆದುಳಿನ ನೀರು ಮೂಗಿನಿಂದ ಸೋರುತ್ತದಂತೆ. ಗಂಟಲಿಗೆ ಉಪ್ಪು ನೀರು ಇಳಿದ ಹಾಗಾದರೆ ತಕ್ಷಣ ಹೇಳಬೇಕು. ದಿನಾ ಬೆಳಿಗ್ಗೆ ನರ್ಸ್ ಹುಡುಗಿ ಇಡೀ ವಾರ್ಡಿಗೆ ಕೇಳುವಂತೆ "ಅಜ್ಜಿ, ಹೊಟ್ಟೆ ಸಲೀಸಾಗಿ ಹೋಯ್ತಾ?" ಅನ್ನುತ್ತಾಳೆ. ಸಾವಿರಾರು ಜನರ ಮುಂದೆ ನಡುಗದವಳು ಈ ಪ್ರಶ್ನೆಗೆ ಗೋಡೆ ನೋಡುತ್ತೇನೆ.

ಸರ್ಜನ್ ಬಂದು ಅದೇ ಕೆಂಪು ಮುಚ್ಚಳ ಹಿಡಿದಳು. ಬಲಗಣ್ಣು ಮುಚ್ಚಿದೆ.

ಕೆಂಪು. ಸ್ವಲ್ಪ ಮಾಸಿದ ಕೆಂಪು, ಆದರೆ ಕೆಂಪೇ.

ಅತ್ತುಬಿಟ್ಟೆ. "ಅಳಿ, ಮೂಗು ಮಾತ್ರ ಎಳ್ಕೋಬೇಡಿ" ಅಂದಳು ಸರ್ಜನ್. ರಕ್ತನಾಳಕ್ಕೆ ಅಂಟಿದ್ದ ಅಕ್ಕಿಕಾಳಿನಷ್ಟು ಗಡ್ಡೆಯನ್ನು ಹಾಗೇ ಬಿಟ್ಟಿದ್ದಾಳಂತೆ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡಬೇಕು.

ಹೊರಡುವಾಗ ಮಗಳು ಕೇಳಿದಳು, "ಡಾಕ್ಟರ್, ನೀವೂ ಲಾಂಡ್ರಿ ಗೇಟಿಂದಾನಾ ಬಂದಿದ್ದು?"

"ನಾನ್ಯಾಕೆ ಅಲ್ಲಿಂದ ಬರ್ಲಿ? ಮುಂದಿನಿಂದಾನೇ ಬಂದೆ. ಅವರೇ ದಾರಿ ಬಿಟ್ರು."

ಡಾಕ್ಟರಲ್ಲವೇ, ಬಿಟ್ಟಿರುತ್ತಾರೆ ಅಂದುಕೊಂಡೆ.

ಮಾರ್ಚ್ 30, ಸೋಮವಾರ

ಬರೆಯಬೇಕು. ಒಂದು ಮಾತನ್ನೂ ಮರೆಯದೆ ಬರೆಯಬೇಕು.

ಮಧ್ಯಾಹ್ನ ಮಗಳು ಊಟಕ್ಕೆ ಹೋದಾಗ ಹಾಸಿಗೆಯ ಪಕ್ಕ ಯಾರೋ ಬಂದು ನಿಂತರು. ಹಸಿರು ಏಪ್ರನ್, ತೋಳಿಗೆ ಕಪ್ಪು ಪಟ್ಟಿ. ಕತ್ತರಿ.

"ಜ್ವರ ಹೇಗಿದೆ ಅಕ್ಕ?" ಅಂದಳು.

ಎಲ್ಲಿ ನೋಡಲಿ. ಚಾದರ ನೋಡಿದೆ. "ನೀನು ಇಲ್ಲಿ... ಕೆಲಸಕ್ಕೆ ಬಂದಿದ್ದೀಯ?"

"ಪಾಳಿ ಮೇಲೆ ಬರ್ತೀವಿ. ತೀರಾ ಅರ್ಜೆಂಟ್ ಇರೋರ ಸಾಮಾನು ಮಾತ್ರ ತೊಳೆದುಕೊಟ್ಟು ವಾಪಸ್ ಗೇಟಿಗೆ. ಅದಕ್ಕೆ ಕೂಲಿ ತಗೊಳಲ್ಲ. ಮುಷ್ಕರದ ಹಿಂದಿನ ದಿನಾನೇ ಹಂಗಂತ ತೀರ್ಮಾನ ಮಾಡಿದ್ವಿ."

"ಹೊರಗಿನ ಜನ..."

"ಯಾವ ಹೊರಗಿನ ಜನ? ಒಬ್ರೂ ಬಂದಿಲ್ಲ. ನಿಮ್ಮ ತಟ್ಟೆ ತೊಳೆದಿದ್ದು ನಾನು. ಮೂಗಿಂದ ಹೋಗೋ ಕಡ್ಡಿಗಳು ಅಂದ್ರೆ ಕೂದಲಿನಷ್ಟು ತೂತು ಇರುತ್ವೆ, ಬ್ರಷ್ ಹಾಕಿ ಒಂದೊಂದೇ ತೊಳೀಬೇಕು. ನೀವು ಬರೋ ಹಿಂದಿನ ರಾತ್ರಿ ತಟ್ಟೆ ಮೇಲೆ ನಿಮ್ಮ ಹೆಸರು ನೋಡಿ ಮೊದಲು ಬೇರೆ ಯಾರೋ ಅಂದ್ಕೊಂಡೆ. ವಯಸ್ಸು ನೋಡಿದ್ಮೇಲೆ ಗೊತ್ತಾಯ್ತು."

ಹಾಸಿಗೆಯ ಅಂಚು ಹಿಡಿದು ಎದ್ದು ಕೂತೆ.

"ಒಂದು ಮಾತು ಹೇಳ್ಬೇಕಿತ್ತಲ್ಲೇ ನಂಗೆ. ಅರ್ಜೆಂಟ್ ಇರೋರನ್ನ ಬಿಡ್ತೀವಿ ಅಂತ."

"ಹೆದರಿಕೆ ಅಕ್ಕ." ಅವಳು ನಕ್ಕಳು, ಆ ನಗು ಚೆನ್ನಾಗಿರಲಿಲ್ಲ. "ನೀವು ಬಿಡ್ಬೇಡಿ ಅಂದಿದ್ರಿ. ನಾವು ಬಿಟ್ವಿ. ಗೇಟಕ್ಕಂಗೆ ಗೊತ್ತಾದ್ರೆ ನಮ್ಮ ಚರ್ಮ ಸುಲೀತಾರೆ ಅಂತ ಎಲ್ಲರೂ ಬಾಯಿ ಮುಚ್ಕೊಂಡಿದ್ವಿ. ಆಮೇಲೆ ನಿಮ್ಮ ಹೆಸರು ನೋಡಿದ್ಮೇಲೆ, ಸದ್ಯ, ಇನ್ನು ಬೈಯಲ್ಲ ಅಂತ ಸಮಾಧಾನ ಆಯ್ತು. ನೀವು ಬರ್ತೀರಿ ಅಂತ ಕುರ್ಚಿ ಹಾಕಿದ್ವಿ. ಬಂದೋರು ಅಲ್ಲಿ ಒಂದು ಗಳಿಗೆ ಕೂತು, ನಾವ್ಯಾಕೆ ಇಲ್ಲಿದ್ದೀವಿ ಅಂತ ಕೇಳಿ, ಆಮೇಲೆ ಒಳಗೆ ಹೋಗ್ತಾರೆ. ಎಲ್ಲ ರೋಗಿಗಳಿಗೂ ಹಂಗೇ. ನಿಮಗೆ ಅಂತ ಆವತ್ತು ಒರೆಸಿ ಇಟ್ಟಿದ್ವಿ."

ಆ ಖಾಲಿ ಕುರ್ಚಿ. ಪರದೆ ಎಳೆಸಿದ್ದೆನಲ್ಲ.

"ಮಧ್ಯಾಹ್ನದವರೆಗೂ ಕಾದ್ವಿ. ಆಮೇಲೆ ಲಾಂಡ್ರಿಯವನು ಬಂದು ಹೇಳಿದ. ತಲೆ ಮೇಲೆ ಶಾಲು ಹಾಕ್ಕೊಂಡು, ಎಲ್ ಬೋರ್ಡ್ ಕಾರಲ್ಲಿ."

ಅವಳಿಗೆ ಇನ್ನೂ ಏನೋ ಹೇಳಲಿಕ್ಕಿತ್ತು. ಕೈಗವಸು ಕಳಚಿ ಮಡಚಿ ಜೇಬಿಗಿಟ್ಟಳು. ಒಣಗಿದ ಬೊಬ್ಬೆಯ ಪಕ್ಕ ಹೊಸದೊಂದು ಬೊಬ್ಬೆ. ನನ್ನ ತಟ್ಟೆಯದ್ದೋ ಏನೋ.

"ನಿನ್ನೆ ಮಾತುಕತೇಲಿ ಆಡಳಿತದೋನು ಏನಂದ ಗೊತ್ತಾ? ನಾವು ಯಾರನ್ನೂ ತಡೆದಿಲ್ಲ ಅಂದ್ವಿ. ಅದಕ್ಕವನು, 'ನಿಮ್ಮ ಗೇಟಕ್ಕನೇ ಹೆದರಿ ಹಿಂದಿನ ಬಾಗಿಲಿಂದ ಬಂದ್ರು, ಇನ್ನು ಬೇರೆಯೋರ ಪಾಡೇನು' ಅಂದ. ಈಗ ಎಲ್ಲ ರೋಗಿಗಳಿಗೂ ಫೋನ್ ಮಾಡಿ ಲಾಂಡ್ರಿ ಗೇಟಿಗೆ ಬನ್ನಿ ಅಂತಿದ್ದಾನೆ. ಜನ ನಮ್ಮನ್ನ ರಾಕ್ಷಸರು ಅಂದ್ಕೊಂಡಿದ್ದಾರೆ. ಕುರ್ಚಿ ಖಾಲಿ ಇದೆ."

"ಕತ್ತರೀ..."

"ಕಣ್ಣು ಕಾಣುತ್ತಾ ಅಕ್ಕ ಈಗ?"

"ಕಾಣುತ್ತೆ."

"ಅಷ್ಟು ಸಾಕು" ಅಂದು ಹೋದಳು. ವ್ಯಂಗ್ಯವಾಗಿ ಅಂದಳೋ, ನಿಜವಾಗಿ ಅಂದಳೋ ತಿಳಿಯಲಿಲ್ಲ. ನಿಜವಾಗಿಯೇ ಇರಬೇಕು. ಅದನ್ನೇ ತಡೆದುಕೊಳ್ಳಲಾಗುತ್ತಿಲ್ಲ.

ಮಾರ್ಚ್ 31, ಮಂಗಳವಾರ

ನಾಚಿಕೆ.

ಆಡಳಿತದವನು ಸುಳ್ಳು ಹೇಳಿದ. ಹೇಳುತ್ತಾನೆ, ಅವನಿಗೆ ಸಂಬಳ ಅದಕ್ಕೇ. ನಂಬಿದ್ದು ನಾನು. ಯಾಕೆ ನಂಬಿದೆ ಅಂತ ಬೆಳಿಗ್ಗೆಯಿಂದ ನನ್ನನ್ನೇ ಕೇಳುತ್ತಿದ್ದೇನೆ. ಬಾಗಿಲು ತೆರೆದಿಟ್ಟುಕೊಂಡೂ ಮುಷ್ಕರ ಮಾಡಬಹುದು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ಕಲಿಸಿದ್ದೇ ಮುಷ್ಕರ, ಬೇರೆಯವರಿಗೆ ಬುದ್ಧಿ ಇರಲಾರದು ಅಂದುಕೊಂಡೆ. ಆ ಹುಡುಗಿಯರು ನನಗೆ ಹೆದರಿ ಒಳ್ಳೆಯ ಕೆಲಸವನ್ನು ಕಳ್ಳತನದಂತೆ ಮಾಡಿದರು. ನಾನು ಅವರಿಗೆ ಹೆದರಿ ಕಳ್ಳಿಯಾದೆ. ಮಾಲೀಕನಿಗೆ ಇದಕ್ಕಿಂತ ಇನ್ನೇನು ಬೇಕು.

ಮಗಳದ್ದು ತಪ್ಪಿಲ್ಲ ಅಂತ ಅವಳಿಗೆ ಹೇಳಿದೆ. "ಯಾವ ತಪ್ಪು?" ಅಂದಳು. ನಾನು ಮನಸ್ಸಿನಲ್ಲೇ ಹೊರಿಸಿ, ಮನಸ್ಸಿನಲ್ಲೇ ಇಳಿಸಿದ್ದು ಅವಳಿಗೆ ಹೇಗೆ ಗೊತ್ತಾಗಬೇಕು.

ಏಪ್ರಿಲ್ 2, ಗುರುವಾರ

ಮನೆಗೆ ಕಳಿಸಿದರು. ಕಾವಲುಗಾರ ಗಾಲಿಕುರ್ಚಿ ತಂದು, "ಹಿಂದೆ ಗಾಡಿ ನಿಲ್ಸಿದ್ದೀವಿ" ಅಂದ.

"ಮುಂದಿನಿಂದ ಹೋಗ್ತೀನಿ."

"ಅಲ್ಲಿ ಗಲಾಟೆ ಇದೆ."

"ಯಾವ ಗಲಾಟೆ? ಎಲ್ಲಿ, ಕೇಳಿಸು ನೋಡೋಣ" ಅಂದೆ. ಮುಂದಿನ ಗೇಟಿನಿಂದ ಯಾರೋ ಕೆಮ್ಮಿದ್ದಷ್ಟೇ ಕೇಳಿಸಿತು. ಕುಂಟುತ್ತ ಮಗಳ ತೋಳು ಹಿಡಿದು ನಡೆದೆ.

ಟಾರ್ಪಾಲಿನ ಕೆಳಗಿದ್ದವರೆಲ್ಲ ಎದ್ದು ನಿಂತರು. ಈಗ ತಿರುಗುತ್ತಾರೆ ಅಂದುಕೊಂಡೆ. ಬೆನ್ನುಗಳಿಗೆ ನಾನು ಸಿದ್ಧವಾಗಿದ್ದೆ. ಹೇಳಬೇಕೆಂದರೆ ಬಯಸಿದ್ದೆ. ಬೆನ್ನುಗಳ ಮಧ್ಯೆ ನಡೆದು ಹೋಗಿಬಿಟ್ಟರೆ ಲೆಕ್ಕ ಚುಕ್ತಾ.

ಯಾರೂ ತಿರುಗಲಿಲ್ಲ. "ಬನ್ನಿ ಅಕ್ಕ, ಕೂತ್ಕೊಳ್ಳಿ" ಅಂತ ಕುರ್ಚಿ ಒರೆಸಿದರು. ಕೂತೆ. ನೀರು ಕೊಟ್ಟರು. ಟಾರ್ಪಾಲಿನ ಕಂಬಕ್ಕೆ ದರ್ಜಿಯ ಬಾವುಟ ಕಟ್ಟಿದ್ದರು. ಎರಡು ಕಣ್ಣಿಗೂ ಕೆಂಪು.

"ತಿರುಗಿ ನಿಂತ್ಕೊಳ್ಳಿ" ಅಂದೆ ಕತ್ತರಿಗೆ. "ಎಲ್ಲರೂ. ನಾನು ಹಿಂದಿನಿಂದ ಹೋದವಳು. ನನಗೂ ಅದೇ ನಿಯಮ."

"ಅದೆಲ್ಲ ನಿಮ್ಮ ಕಾಲದ್ದು ಅಕ್ಕ" ಅಂದಳು. "ನಾವೆಲ್ಲ ಆ ಕಡೆ ತಿರುಗಿದ್ರೆ ಗೇಟು ನೋಡೋರ್ಯಾರು?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಒಬ್ಬ ಹುಡುಗಿ, "ಒಂದು ಘೋಷಣೆ ಕೂಗ್ಸಿ ಅಕ್ಕ" ಅಂದಳು. ಮಗಳು, "ಕೂಗಿದ್ರೆ ಮೆದುಳಿನ ನೀರು ಮೂಗಿಂದ ಬರುತ್ತಂತೆ" ಅಂದಳು. "ಅಯ್ಯೋ, ಬೇಡ ಬೇಡ" ಅಂತ ಗಾಬರಿಯಾದರು. ಈ ಗಂಟಲಲ್ಲದೆ ನನ್ನ ಹತ್ತಿರ ಇನ್ನೇನಿತ್ತು ಅವರಿಗೆ ಕೊಡಲು? ಅದೂ ಇಲ್ಲ.

ಅಷ್ಟರಲ್ಲಿ ಕತ್ತರಿ ನನ್ನ ಭುಜ ಮುಟ್ಟಿ, "ಅಕ್ಕ, ಸ್ವಲ್ಪ ಏಳ್ತೀರಾ? ಕುರ್ಚಿ ಬೇಕು" ಅಂದಳು. ಕೈಗೆ ಪ್ಲಾಸ್ಟರ್ ಹಾಕಿದ್ದ ಹೆಂಗಸೊಬ್ಬಳು ಗೇಟಿನ ಆಚೆ ಅನುಮಾನಿಸುತ್ತ ನಿಂತಿದ್ದಳು. ಎದ್ದೆ. ಅವಳು ಕೂತಳು. ಕತ್ತರಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ತನ್ನ ಕೈಗವಸು ತೋರಿಸುತ್ತ ಮಾತಾಡತೊಡಗಿದಳು, ಸಾವಧಾನವಾಗಿ, ಪಕ್ಕದ ಮನೆಯವಳ ಜೊತೆ ಮಾತಾಡುವ ಹಾಗೆ. ಮೈಕು ಇಲ್ಲ. ಕೈ ಬೀಸಲಿಲ್ಲ. ಆ ಹೆಂಗಸು ಕೈಗವಸನ್ನು ಬೆರಳಿನಿಂದ ಉಜ್ಜಿ ನೋಡಿದಳು.

ನಾನು ಇಷ್ಟು ವರ್ಷ ಯಾರನ್ನೂ ಕೂರಿಸಿ ಮಾತಾಡಿದ ನೆನಪಿಲ್ಲ. ಎಲ್ಲರನ್ನೂ ನಿಲ್ಲಿಸಿಕೊಂಡೇ ಮಾತಾಡಿದೆ.

ಏಪ್ರಿಲ್ 5, ಭಾನುವಾರ

ದರ್ಜಿಗೆ ಫೋನ್ ಮಾಡಿದೆ. "ಬಟ್ಟೆ ಸರಿ ಇತ್ತು, ಕಣ್ಣು ಕೆಟ್ಟಿತ್ತು" ಅಂದೆ.

ಹೊಲಿಗೆ ಯಂತ್ರ ನಿಲ್ಲಿಸಿದ. "ಈಗ ಸರಿ ಹೋಯ್ತಾ?"

"ಹೂಂ."

"ಹಾಗಾದ್ರೆ ಇನ್ಮೇಲೆ ಹೊಲಿಗೆ ನೋಡಿ ಬೈಯಿರಿ. ಅಲ್ಲಿ ನಿಜವಾಗ್ಲೂ ತಪ್ಪಿರುತ್ತೆ."

ಏಪ್ರಿಲ್ 9, ಗುರುವಾರ

ಮುಷ್ಕರ ಇನ್ನೂ ಮುಗಿದಿಲ್ಲ. ನಿನ್ನೆ ಕತ್ತರಿಯನ್ನು ಕೇಳಿದೆ, "ನನ್ನಿಂದ ಏನಾದ್ರೂ ಆಗೋದಿದ್ರೆ ಹೇಳೇ. ಭಾಷಣ ಬಿಟ್ಟು." ಯೋಚಿಸಿದಳು. "ಒಂದು ಕೆಲಸ ಇದೆ ಅಕ್ಕ. ಆದ್ರೆ ಅದು ನಿಮಗೆ ಹೇಳೋವಂಥದ್ದಲ್ಲ" ಅಂದಳು. "ಹೇಳು" ಅಂದೆ.

ಇವತ್ತು ಬೆಳಿಗ್ಗೆ ಹೋದೆ. ಮಗಳು ಎಲ್ ಕಾರಿನಲ್ಲಿ ಇಳಿಸಿ, ಒಂದು ಸ್ಟೂಲು ಹಾಕಿಕೊಟ್ಟು, "ಬಗ್ಬೇಡ, ಕೂಗ್ಬೇಡ, ಯಾರಾದ್ರೂ ಜಗಳಕ್ಕೆ ಬಂದ್ರೆ ಬಾಯಿ ತೆರೆದು ಸೀನು" ಅಂದು ಹೋದಳು. ಲಾಂಡ್ರಿ ಗೇಟಿನ ಎದುರು, ರಸ್ತೆಯ ಆಚೆ ಬದಿ. ಕಾವಲುಗಾರ ಗುರುತು ಹಿಡಿದ. ಮುಖ ಅತ್ತ ತಿರುಗಿಸಿಕೊಂಡ. ಅವನದ್ದೂ ಹೊಟ್ಟೆಪಾಡು.

ಒಂದು ಆಟೋ ಬಂತು. ಮಧ್ಯವಯಸ್ಸಿನ ಮಗ, ವಯಸ್ಸಾದ ತಾಯಿ. ತಾಯಿಯ ತಲೆಯ ಮೇಲೆ ಸೆರಗು, ಮುಖ ಮುಚ್ಚುವಷ್ಟು. ಆಕೆ ನೆಲ ನೋಡಿಕೊಂಡೇ ಇಳಿದಳು. ಆ ಇಳಿಯುವ ರೀತಿ ನನಗೆ ಗೊತ್ತು.

ಎದ್ದು ಅವರ ಹತ್ತಿರ ಹೋದೆ. ಕೂಗುವಂತಿಲ್ಲವಲ್ಲ, ಹೋಗಲೇಬೇಕು.

"ಮುಂದಿನ ಗೇಟಿಗೆ ಹೋಗಿ. ಯಾರೂ ತಡೆಯಲ್ಲ. ಕುರ್ಚಿ ಹಾಕಿದ್ದಾರೆ, ಒಂದು ಗಳಿಗೆ ಕೂತು ಅವರ ಮಾತು ಕೇಳಿ, ಆಮೇಲೆ ಒಳಗೆ ಹೋಗಬಹುದು. ನಿಮ್ಮ ಸಾಮಾನು ತೊಳೆಯೋರೂ ಅವರೇ."

ಮಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಲ್ಲಿ ಹೊಡೀತಾರೆ ಅಂತ ಆಫೀಸಿಂದ ಫೋನ್ ಬಂತು. ನಂಬೋದು ಹೇಗೆ? ನೀವ್ಯಾರು, ಯೂನಿಯನ್ ಲೀಡರ್ರಾ?"

ಇಡೀ ಜೀವಮಾನ ಆ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟಿದ್ದೇನೆ.

"ಅಲ್ಲಪ್ಪ. ನಾನು ಇಲ್ಲಿಂದ ಒಳಗೆ ಹೋದವಳು."

ತಾಯಿ ಸೆರಗು ಸ್ವಲ್ಪ ಸರಿಸಿ ನನ್ನ ಮುಖ ನೋಡಿದಳು. ಆಮೇಲೆ ಮಗನ ತೋಳು ಎಳೆದಳು. ಇಬ್ಬರೂ ಗೋಡೆಯ ಪಕ್ಕ ಹಿಡಿದು ಮುಂದಿನ ಗೇಟಿನ ಕಡೆ ನಡೆದರು.

ನಾಳೆ ಕೊಡೆ ತೆಗೆದುಕೊಂಡು ಹೋಗಬೇಕು. ಅಲ್ಲಿ ನೆರಳಿಲ್ಲ.